ಯಾವ ಪಟ್ಟು ಅಂತ ಬಿದ್ದವನನ್ನು ಕೇಳ್ರಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೇಕಾದರೆ ನಮ್ಮ ಕಾಟಾದ ಮೇಲೆ ಕೈಯಿಟ್ಟು ಆಣೆ ಮಾಡುತ್ತೇನೆ. ಗಂಗಾವತಿಯಿಂದ ಮರಳಿ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಭತ್ತದ ಲಾರಿ ತೂಗುವ ವೇಬ್ರಿಜ್ ಒಂದುಂಟು, ಮಂದಿ ಬಾಯಲ್ಲಿ ಕಾಟಾ. ಅದನ್ನು ನಡೆಸುವವನು ನಾನು. ಕಾಟಾದವನ ಆಣೆಯನ್ನು ಯಾರೂ ನಂಬುವುದಿಲ್ಲ ಅಂತ ನನಗೂ ಗೊತ್ತು. ಭತ್ತ ಮಾರುವವನಿಗೆ ನಾನು ತೂಕ ಕಡಿಮೆ ತೋರಿಸಿದೆ ಅಂತ ಸಂಶಯ, ಕೊಳ್ಳುವವನಿಗೆ ಜಾಸ್ತಿ ತೋರಿಸಿದೆ ಅಂತ ಸಂಶಯ. ಇಬ್ಬರಿಗೂ ಸಮನಾಗಿ ಸಂಶಯ ಬರುವಂತೆ ತೂಗುತ್ತೇನೆ, ಅದೇ ನನ್ನ ಪ್ರಾಮಾಣಿಕತೆ.

ಹಗಲೆಲ್ಲ ಸಂಶಯದ ಮಂದಿಯ ನಡುವೆ ಕೂತವನಿಗೆ ಏನಾದರೂ ಒಂದು ಆಗುತ್ತಲೇ ಇರುತ್ತದೆ. ಈ ವರ್ಷ ಆದದ್ದೆಲ್ಲ ಜೂಡೋದಿಂದ. ಜೂಡೋ ಬಲ್ಲವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಇರಬಹುದು. ಆದರೆ ಜೂಡೋದಲ್ಲಿ ಬೀಳಬಲ್ಲವರನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಹುಡುಕಿ ಬರ್ರಿ, ನನ್ನಷ್ಟು ಛಲೋ ಬೀಳುವ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ. ಯಾವ ಪಟ್ಟಿಗೆ ಬಿದ್ದೆ ಅಂತ ಕಣ್ಣು ಮುಚ್ಚಿ ಹೆಸರು ಹೇಳುತ್ತೇನೆ. ಈ ವಿದ್ಯೆ ನನಗೆ ಹೇಗೆ ಬಂತು ಅನ್ನುವುದೇ ಕಥೆ.

ಹೊಟ್ಟಿನ ಚೀಲದ ಮೇಲೆ

ನಮ್ಮ ಅಣ್ಣನ ಮಗಳು ಪಿಯುಸಿ ಓದುತ್ತಾಳೆ, ಇರುವುದು ನಮ್ಮೊಂದಿಗೇ, ಒಂದೇ ಮನೆ. ಜೂಡೋದಲ್ಲಿ ನೀಲಿ ಬೆಲ್ಟ್. ಅದರ ಮೇಲಿನದು ಕಂದು ಬೆಲ್ಟ್. ಅದಕ್ಕೆ ವರ್ಷಕ್ಕೊಂದು ಸಲ ಕೊಪ್ಪಳದಲ್ಲಿ ಪರೀಕ್ಷೆ, ದೂರದ ಊರಿನಿಂದ ಒಬ್ಬ ಹಿರಿಯ ಪರೀಕ್ಷಕರು ಬರುತ್ತಾರೆ. ಹುಡುಗಿ ಎರಡು ವರ್ಷ ಹೋಗಿ ಎರಡು ವರ್ಷವೂ ಬರಿಗೈಲಿ ಬಂದಳು. ಪರೀಕ್ಷಕರು ಎರಡು ಸಲವೂ ಅಂದದ್ದು ಒಂದೇ ಮಾತು. ಬೇರೆ ಬೇರೆ ಎರಡು ಪಟ್ಟು ಕೇಳಿದರೆ ಈಕೆ ಒಂದನ್ನೇ ಎರಡು ಸಲ ತೋರಿಸುತ್ತಾಳೆ ಅಂತ.

"ಈ ಸಲಾನೂ ಎರಡೂ ಒಂದ ಅಂದ್ರ, ಈ ಜೂಡೋ ಅಂಗಿ ಪ್ಯಾಂಟು ಯಾರಿಗಾದ್ರೂ ಕೊಟ್ಟು ಬಿಡ್ತೀನಿ ಕಾಕಾ. ನನಗ ಸಾಕಾತು," ಅಂದಳು.

ಕೊಟ್ಟುಬಿಡುವ ಮಾತು ಆಡುವಾಗ ಆಕೆ ಅದೇ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ಕಾಲೇಜಿನ ಬಟ್ಟೆಗೂ ಅಷ್ಟು ನಾಜೂಕಿನ ಇಸ್ತ್ರಿ ಬಿದ್ದದ್ದು ನಾನು ನೋಡಿಲ್ಲ.

"ಏನು ಮಾಡಿದ್ರ ಪಾಸಾಗ್ತಿ ಹೇಳವ್ವಾ," ಅಂದೆ.

"ದಿನಾ ಮುಂಜಾನೆ ಯಾರಾದ್ರೂ ಎದುರಿಗೆ ನಿಂತ್ರ ಸಾಕು. ನನ್ನ ಜೋಡಿ ಹುಡುಗಿ ಯಲಬುರ್ಗಾದಾಕಿ, ವಾರಕ್ಕೊಮ್ಮೆ ಕ್ಲಾಸಿಗಷ್ಟ ಬರ್ತಾಳ."

"ನಿಂತು ಏನು ಮಾಡಬೇಕು?"

"ಏನೂ ಮಾಡಂಗಿಲ್ಲ ಕಾಕಾ. ಸುಮ್ಮ ನಿಂದ್ರಬೇಕು."

ಏನೂ ಮಾಡದೆ ನಿಲ್ಲುವುದರಲ್ಲಿ ನನ್ನ ಅನುಭವ ದೊಡ್ಡದು. ಒಪ್ಪಿಕೊಂಡೆ. ಕಾಟಾದ ಹಿಂದೆ ಅಕ್ಕಿ ಗಿರಣಿ, ಅದರ ಹಿಂದಿನ ಬಯಲಲ್ಲಿ ಭತ್ತದ ಹೊಟ್ಟು ತುಂಬಿದ ಚೀಲಗಳು. ಅವನ್ನು ಸಾಲಾಗಿ ಹಾಸಿ, ಮೇಲೊಂದು ತಾಡಪತ್ರಿ ಹೊದಿಸಿದೆವು. ಮೊದಲ ದಿನ ನಾನು ಅದರ ಮೇಲೆ ಸುಮ್ಮನೆ ನಿಂತಿದ್ದೆ. ಆಮೇಲೆ ಸುಮ್ಮನೆ ಮಲಗಿದ್ದೆ. ನಡುವೆ ಏನಾಯಿತು ಅಂತ ನನಗೆ ಕಾಣಲಿಲ್ಲ.

"ಇದು ಹರಾಯ್ ಗೋಶಿ," ಅಂದಳು ಹುಡುಗಿ. ಎದ್ದು ನಿಂತೆ. ಮತ್ತೆ ಮಲಗಿದೆ. "ಇದು ಉಚಿ ಮಾತಾ."

ನನಗೆ ಎರಡೂ ಒಂದೇ ಅನ್ನಿಸಿತು. ಕೂಡಲೇ ಅವರ ಕೋಚ್ ಮೇಲೆ ಗುಮಾನಿ ಬಂತು. ಒಂದೇ ಅಕ್ಕಿಯನ್ನು ಎರಡು ಹೆಸರಿನ ಚೀಲಕ್ಕೆ ತುಂಬಿ ಮಾರುವ ಮಂದಿಯನ್ನು ನಾನು ದಿನಾ ತೂಗುತ್ತೇನೆ. ಈ ಕೋಚೂ ಒಂದೇ ಪಟ್ಟಿಗೆ ಎರಡು ಹೆಸರಿಟ್ಟು ಹುಡುಗರಿಗೆ ವರ್ಷಗಟ್ಟಲೆ ಕಲಿಸುತ್ತಾ ಕೂತಿರಬೇಕು. ಮುಂದಿನ ಕ್ಲಾಸಿಗೆ ಹುಡುಗಿಯ ಜೊತೆ ನಾನೂ ಹೋಗಿ, ಎಲ್ಲರೆದುರಿಗೇ ಕೇಳಿಬಿಟ್ಟೆ.

ಕೋಚ್ ಸಿಟ್ಟಾಗಲಿಲ್ಲ. "ಬರ್ರಿ, ಇಲ್ಲೆ ನಿಂದರ್ರಿ," ಅಂದ. ಒಂದು ಸಲ ಎತ್ತಿ ಹಾಕಿದ. ಎಬ್ಬಿಸಿ ಇನ್ನೊಂದು ಸಲ ಎತ್ತಿ ಹಾಕಿದ. "ಈಗ ಹೇಳ್ರಿ, ಎರಡೂ ಒಂದೇನು?"

ನಾನು ನೆಲದ ಮೇಲಿಂದಲೇ ಹೇಳಿದೆ: "ಇಲ್ರಿ ಸರ್. ಮೊದಲನೇದು ಹೊರಗಿಂದ ಬಂತು. ನನ್ನ ತೊಡಿಗೆ ಕಸಬರಿಗಿ ಹೊಡದಂಗ ಆಗಿ, ಕಾಲು ಎರಡೂ ಒಂದ ಕಡೆ ಗುಡಿಸಿ ಹೋದ್ವು. ಎರಡನೇದು ಕಾಲಿನ ನಡುವೆ ಬಂತು. ಆಡು ತಲಿ ತೂರಿಸಿ ಕೋಡಿನಿಂದ ಎತ್ತಿದಂಗ ಆತು."

"ಇದನ್ನ ತಿಳಿಸಾಕ ನನಗ ಈ ಹುಡುಗರ ಕೂಡ ವರ್ಷ ಹಿಡೀತೈತ್ರಿ. ನಿಮಗ ಎರಡು ಸಲ ಬಿದ್ದಕೂಡಲೇ ತಿಳೀತು. ಇನ್ನೂ ಸಂಶೆ ಐತೇನು?"

"ನಿಮ್ಮ ಮ್ಯಾಲಿನ ಸಂಶೆ ಹೋತ್ರಿ," ಅಂದೆ. "ಈಗ ನನ್ನ ಸೊಂಟ ಐತೋ ಇಲ್ಲೋ ಅಂತ ಸಂಶೆ ಬಂದೈತಿ."

ಭಾಳ ಗಾಳಿ

ಅಲ್ಲಿಂದ ಶುರುವಾಯಿತು ನೋಡ್ರಿ ನನ್ನ ವಿದ್ಯಾಭ್ಯಾಸ. ದಿನಾ ಮುಂಜಾನೆ ಲಾರಿಗಳು ಬರುವ ಮುಂಚೆ ಹುಡುಗಿ ನನ್ನನ್ನು ಒಗೆಯುವುದು, ನಾನು ಬಿದ್ದಲ್ಲಿಂದಲೇ ಹೆಸರು ಹೇಳುವುದು. ಹೆಸರು ತಪ್ಪಿದರೆ ತಪ್ಪು ಇಬ್ಬರದೂ: ಒಂದೋ ಆಕೆ ಸರಿಯಾಗಿ ಹಾಕಿಲ್ಲ, ಇಲ್ಲವೋ ನಾನು ಸರಿಯಾಗಿ ಬಿದ್ದಿಲ್ಲ. ಹಮಾಲ ಚೀಲವನ್ನು ಬೆನ್ನಿಗೆ ಏರಿಸಿದಂತೆ ಸೊಂಟದ ಮೇಲೆ ಪೂರಾ ಏರಿದರೆ ಅದು ಒ ಗೋಶಿ. ಹೊರಗಿನಿಂದ ಕಸಬರಿಗೆ ಹೊಡೆದರೆ ಹರಾಯ್ ಗೋಶಿ. ನಡುವೆ ಆಡು ಎತ್ತಿದರೆ ಉಚಿ ಮಾತಾ. ಇನ್ನೊಂದು ತಾಯ್ ಒತೋಶಿ ಅಂತ. ಅದರಲ್ಲಿ ಸೊಂಟ ತಾಗುವುದೇ ಇಲ್ಲ. ನಮ್ಮ ಕಾಟಾದ ಬಾಗಿಲಿಗೆ ಸರಪಳಿ ಅಡ್ಡ ಕಟ್ಟುತ್ತೇವಲ್ಲ, ಹಾಗೆ ಮೊಣಕಾಲ ಕೆಳಗೆ ಒಂದು ಕಾಲು ಅಡ್ಡ ಬರುತ್ತದೆ, ತೋಳು ಹಿಡಿದು ಮುಂದಕ್ಕೆ ಜಗ್ಗುತ್ತಾರೆ. ಸರಪಳಿ ಇದೆ ಅಂತ ಗೊತ್ತಾಗುವ ಹೊತ್ತಿಗೆ ನಾವು ಅದರ ಆಚೆ ಬಿದ್ದಿರುತ್ತೇವೆ.

ಇದನ್ನೆಲ್ಲ ಹೆಂಡತಿಗೆ ಹೇಳಿರಲಿಲ್ಲ. ನನಗೆ ಹಳೆಯ ಬೆನ್ನುನೋವು. ಬಗ್ಗಬೇಡಿ, ಭಾರ ಎತ್ತಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ನಾನೇ ಭಾರವಾಗಿ ಎತ್ತಿಸಿಕೊಳ್ಳಬೇಡಿ ಅಂತ ಹೇಳಿಲ್ಲ, ಆದರೆ ಆ ವಾದ ಮನೆಯಲ್ಲಿ ನಡೆಯುವಂಥದ್ದಲ್ಲ. ತಿಳಿದರೆ ಅವತ್ತೇ ನಿಲ್ಲಿಸಿಬಿಡುತ್ತಾಳೆ, ಹುಡುಗಿಯ ಬೆಲ್ಟೂ ಅಲ್ಲಿಗೇ ಹೋಯಿತು. ಹುಡುಗಿ ಕಾಲೇಜಿಗೆ ಬೇಗ ಹೊರಡುತ್ತಾಳೆ, ನಾನು ಕಾಟಾಕ್ಕೆ ಬೇಗ ಹೊರಡುತ್ತೇನೆ, ಅಷ್ಟೇ ಮನೆಯಲ್ಲಿ ಗೊತ್ತಿದ್ದದ್ದು.

ಬೆನ್ನಿಗೆ ಮುಲಾಮು ಹಚ್ಚುವವಳು ಆಕೆಯೇ ಆದ್ದರಿಂದ ವಿಚಾರಣೆ ತಪ್ಪಲಿಲ್ಲ.

"ಏನ್ರಿ ಇದು, ಕಂದಿ ಹೋಗೈತಿ?"

"ಕಾಟಾದ ಕಟ್ಟಿ ಮ್ಯಾಲಿಂದ ಜಾರಿ ಬಿದ್ದೆ."

"ಮೊನ್ನೆ ಎಡಕ್ಕ ಬಿದ್ರಿ. ಇವತ್ತ ಬಲಕ್ಕ ಬಿದ್ದೀರಿ. ಕಟ್ಟಿ ಒಂದ ಕಡೆ ಐತಲ್ಲ."

"ಹತ್ತಬೇಕಾದ್ರ ಒಂದ ಸಲ ಬಿದ್ದೆ, ಇಳಿಬೇಕಾದ್ರ ಒಂದ ಸಲ ಬಿದ್ದೆ."

"ತಲ್ಯಾಗ ಹೊಟ್ಟು ಹ್ಯಾಂಗ ಬಂತು?"

"ಗಾಳಿ ಇತ್ತು."

"ಬನೀನಿನ ಒಳಗ?"

"ಭಾಳ ಗಾಳಿ ಇತ್ತು."

ಆಕೆ ಮುಲಾಮಿನ ಮುಚ್ಚಳ ಹಾಕಿ ಎದ್ದಳು. ಗಿರಣಿಯ ಹಿಂದೆ ಕೂತು ಇಸ್ಪೀಟು ಆಡುತ್ತೇನೆ, ಸೋತಾಗ ಹೊಡೆದಾಟ ಆಗುತ್ತದೆ ಅಂತ ಆಕೆಯ ಲೆಕ್ಕ. ಮರುದಿನ ಮುಂಜಾನೆ ಚಾದ ನೆಪ ಮಾಡಿಕೊಂಡು ಕೆಟ್ಲಿ ಹಿಡಿದು ನೇರ ಗಿರಣಿಯ ಹಿಂದಕ್ಕೇ ಬಂದಳು. ಬಳೆ ಸಪ್ಪಳ ಕೇಳಿದ್ದೇ ಹುಡುಗಿ ಆಚೆ ಸಂದಿಯಿಂದ ಕಾಲೇಜಿಗೆ ಓಟ. ನಾನು ಆಗಷ್ಟೇ ಬಿದ್ದಿದ್ದರಿಂದ ಬಿದ್ದಲ್ಲೇ ಕಣ್ಣು ಮುಚ್ಚಿದೆ.

ಆಕೆ ಮೊದಲು ತಾಡಪತ್ರಿಯ ಅಂಚು ಎತ್ತಿ ಇಸ್ಪೀಟು ಎಲೆ ಹುಡುಕಿದಳು. ಸಿಗಲಿಲ್ಲ. ಆಮೇಲೆ ದೂರದಲ್ಲಿ ಬಿದ್ದಿದ್ದ ನನ್ನ ಚಪ್ಪಲಿ ನೋಡಿದಳು.

"ಚಪ್ಪಲಿ ಅಲ್ಲೆ ಅದಾವು. ನೀವು ಇಲ್ಲೆ ಅದೀರಿ. ನಡುವೆ ಹೆಜ್ಜಿ ಗುರ್ತು ಇಲ್ಲ. ಹ್ಯಾಂಗ ಬಂದ್ರಿ?"

ಹರಾಯ್ ಗೋಶಿಯಿಂದ ಬಂದೆ ಅಂತ ಹೇಳುವ ಹಾಗಿರಲಿಲ್ಲ. "ನಿದ್ದಿಗಣ್ಣಾಗ ಹೊಳ್ಳಿಕೋತ ಬಂದಿರಬೇಕು," ಅಂದೆ.

"ಮನ್ಯಾಗ ಹಾಸಿಗಿ ಮ್ಯಾಲೆ ಕಟ್ಟಿಗಿ ಬಿದ್ದಂಗ ಬಿದ್ದಿರ್ತೀರಿ. ಇಲ್ಲೆ ಬಂದು ಹೊಳ್ಳ್ಯಾಡ್ತೀರಿ," ಅಂದಳು.

ಆಕೆಯ ಸಂಶಯ ಹೋಗಲಿ ಅಂತ ಅವತ್ತಿನಿಂದ ಮನೆಯ ಮಂಚದ ಮೇಲೂ ಬೇಕೆಂತಲೇ ಹೊರಳಾಡಲು ಹತ್ತಿದೆ. ಹಾಗೆ ಹೊರಳಾಡಿ ಒಂದು ದಿನ ನಿಜವಾಗಿಯೂ ಮಂಚದಿಂದ ಬಿದ್ದು ಮೊಣಕೈ ಕೆತ್ತಿತು. ಅಷ್ಟು ಗಾಯಗಳಲ್ಲಿ ನಾನು ಖರೇ ಕಾರಣ ಹೇಳಿದ್ದು ಅದೊಂದಕ್ಕೇ. ಅದನ್ನು ಮಾತ್ರ ಆಕೆ ಸುತಾರಾಂ ನಂಬಲಿಲ್ಲ.

ಕುಷ್ಟಗಿ ಮಾವನ ತಕರಾರು

ನನ್ನ ಹೆಂಡತಿಯ ಸೋದರಮಾವ ಕುಷ್ಟಗಿಯವರು, ಹಳೇ ಪೈಲವಾನ. ಈಗ ವಯಸ್ಸಾಗಿದೆ, ಕಿವಿ ಮಾತ್ರ ಇನ್ನೂ ಗರಡಿಮನೆಯಲ್ಲಿ ಮುರಿದ ಹಾಗೇ ಇವೆ. ಒಂದು ತೊಟ್ಟಿಲ ಕಾರ್ಯಕ್ಕೆ ಗಂಗಾವತಿಗೆ ಬಂದವರು ನನ್ನನ್ನು ಹುಡುಕಿಕೊಂಡು ಮುಂಜಾನೆ ಕಾಟಾಕ್ಕೆ ಬಂದು, ಹಿಂದೆ ದಪ್ ದಪ್ ಸಪ್ಪಳ ಕೇಳಿ ನೋಡಿದರೆ ಅಳಿಯ ಗಾಳಿಯಲ್ಲಿದ್ದ.

ಹೆಂಡತಿಗೆ ಹೇಳಬಾರದು ಅಂತ ಆಣೆ ಹಾಕಿಸಿ ಅವರನ್ನು ಕುರ್ಚಿಯ ಮೇಲೆ ಕೂರಿಸಿದೆ. ಪೈಲವಾನರು ಎರಡು ಒಳ್ಳೆಯ ಮಾತು ಹೇಳಿದರೆ ಹುಡುಗಿಗೆ ಧೈರ್ಯ ಬಂದೀತು ಅಂತ ನನ್ನ ಆಸೆ. ಹುಡುಗಿ ಹರಾಯ್ ಗೋಶಿ ಹಾಕಿದಳು. ಉಚಿ ಮಾತಾ ಹಾಕಿದಳು. ಮಾವ ಕೋಲಿನ ಮೇಲೆ ಗದ್ದ ಊರಿ ನೋಡಿದರು.

"ಎರಡೂ ಒಂದ," ಅಂದರು.

ಹುಡುಗಿಯ ಮುಖ ಇಳಿದುಹೋಯಿತು. ಪರೀಕ್ಷಕರು ಅಂದದ್ದೂ ಅದೇ ಮಾತು.

"ಮಾವಾ, ದೂರ ಕುಂತು ನೋಡಿದ್ರ ಒಂದ ಕಾಣ್ತಾವ್ರಿ. ಬಿದ್ದವರಿಗಷ್ಟ ತಿಳೀತೈತಿ," ಅಂತ ನಾನು ಕಸಬರಿಗೆ, ಆಡು ಎರಡರ ಕಥೆಯನ್ನೂ ಹೇಳಿದೆ.

ಮಾವ ನಂಬಲಿಲ್ಲ. ಕೋಲು ಕುರ್ಚಿಗೆ ಒರಗಿಸಿ, ಧೋತರ ಮೇಲೆ ಕಟ್ಟಿ ಎದ್ದರು. "ನಮ್ಮ ಮುತ್ಯಾ ನನಗ ಕಲಿಸಿದ ಪಟ್ಟು ಒಂದೈತಿ. ಜಪಾನಿನ ಮಂದಿ ಇದಕ್ಕ ಏನಂತಾರ ಕೇಳೋಣ. ನಿಂದರ್ರಿ ಅಳಿಯಾರ."

ಈ ವಯಸ್ಸಿನ ಮನುಷ್ಯ ಎತ್ತುತ್ತಾನಾ ಅಂತ ನನಗೆ ಸಂಶಯ. ಆ ಸಂಶಯ ಮುಗಿಯುವುದರೊಳಗೆ ನಾನು ಚೀಲ ದಾಟಿ ನೆಲಕ್ಕೆ ಹೋಗಿದ್ದೆ.

"ಹರಾಯ್ ಗೋಶಿ," ಅಂದೆ ಮಣ್ಣು ಉಗುಳುತ್ತಾ.

"ಹರಾಯ್ ಗೋಶಿನೇ ಅಜ್ಜಾ," ಅಂದಳು ಹುಡುಗಿ. "ಕಾಲು ಹೊರಗಿಂದ ಬಂತು. ಭಾಳ ಛಲೋ ಹಾಕಿದ್ರಿ."

ಮಾವ ಖುಷಿಪಡಲಿಲ್ಲ. ಕುರ್ಚಿಗೆ ಕೂತು ಕೋಲು ಮತ್ತೆ ಕೈಗೆ ತೆಗೆದುಕೊಂಡರು. ಬೇರೆಯವರ ಹೊಲದಲ್ಲಿ ತಮ್ಮ ಎತ್ತು ಕಂಡವರ ಮುಖ ಇರುತ್ತದಲ್ಲ, ಹಾಗಿತ್ತು.

"ನಮ್ಮ ಮುತ್ಯಾ ಇದನ್ನ ಮನಿ ಮಂದಿ ಬಿಟ್ಟು ಯಾರಿಗೂ ತೋರ್ಸಿದ್ದಿಲ್ಲ," ಅಂದರು. "ಜಪಾನಿನವ್ರು ಕುಷ್ಟಗಿಗೆ ಯಾವಾಗ ಬಂದು ನೋಡಿ ಹೋದ್ರು?"

ಹನುಮನಹಳ್ಳಿಯ ಜಪಾನಿ

ಮಾವ ಹೋಗುವಾಗ ಒಂದು ಮಾತು ತಲೆಯಲ್ಲಿ ಬಿಟ್ಟು ಹೋದರು. "ಹನುಮನಹಳ್ಳಿ ಕಡೆ ಪರದೇಶದ ಮಂದಿ ಭಾಳ ತಿರಗ್ಯಾಡ್ತಾರ. ಅವರ ಮ್ಯಾಲೆ ಒಂದು ಕಣ್ಣಿಡ್ರಿ."

ಕಣ್ಣಿಡುವುದು ಬೇರೆ, ನನಗೆ ಇನ್ನೊಂದು ವಿಚಾರ ಹೊಳೆಯಿತು. ಎರಡು ಪಟ್ಟೂ ಬೇರೆ ಅಂತ ಒಬ್ಬ ಜಪಾನಿಯೇ ಹೇಳಿಬಿಟ್ಟರೆ ಹುಡುಗಿ ಯಾವ ಪರೀಕ್ಷಕನಿಗೂ ಹೆದರಬೇಕಿಲ್ಲ. ಶನಿವಾರ ಅಂಜನಾದ್ರಿಗೆ ಹೋಗಿ ಬರುತ್ತೇವೆ ಅಂತ ಮನೆಯಲ್ಲಿ ಹೇಳಿ ಹುಡುಗಿಯನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಹೋದೆ. ಬೆಟ್ಟ ಹತ್ತಿ, ಕೈಮುಗಿದು, ಇಳಿದು ಬಂದು ಹನುಮನಹಳ್ಳಿಯ ಒಂದು ಚಾದಂಗಡಿಯಲ್ಲಿ ಕೂತೆವು. ಬಂಡೆ ಹತ್ತುವ ಆಟಕ್ಕೆ ಬಂದ ಮಂದಿ ಅಲ್ಲಿ ಬರುತ್ತಲೇ ಇರುತ್ತಾರೆ. ಗೈಡ್ ಒಬ್ಬ ತನ್ನ ಗಿರಾಕಿಯನ್ನು ಕರೆತಂದ. ಎಲ್ಲಿಯವರು ಅಂತ ಕೇಳಿದೆ. ಜಪಾನ್ ಅಂದ.

ನಾನು ಗೈಡನಿಗೆ ವಿಷಯ ತಿಳಿಸಿದೆ. ಅವನು ಜಪಾನಿಗೆ ತಿಳಿಸಿದ. ಏನು ತಿಳಿಸಿದನೋ, ಜಪಾನಿ ಚೀಲವನ್ನು ಎದೆಗೆ ಅವಚಿ ಹಿಡಿದುಕೊಂಡ. ಅಂಗಡಿಯ ಎದುರು ಗದ್ದೆಯ ಅಂಚಿನ ಹುಲ್ಲಿನ ಮೇಲೆ ಹುಡುಗಿ ನನ್ನನ್ನು ಎರಡು ಸಲ ಒಗೆದಳು. ನಾನು ಎದ್ದು ಹುಲ್ಲು ಒರೆಸಿಕೊಂಡು, "ಈಗ ಕೇಳಪಾ, ಎರಡೂ ಬೇರೆ ಹೌದಿಲ್ಲೋ," ಅಂದೆ.

ಅವರಿಬ್ಬರೂ ಮಾತಾಡಿದರು. ಗೈಡ್ ಹೇಳಿದ: "ಅವರಿಗೆ ಗೊತ್ತಿಲ್ಲಂತ್ರಿ. ಜೂಡೋ ಎಂದೂ ಆಡಿಲ್ಲಂತ. ಬ್ಯಾಂಕಿನ್ಯಾಗ ಕೆಲಸ ಮಾಡ್ತಾರಂತ."

ನನಗೆ ಗುಮಾನಿ ಬಂತು. ಜಪಾನಿನವನಾಗಿ ಜೂಡೋ ಗೊತ್ತಿಲ್ಲ ಅಂದರೆ ಹೇಗೆ? "ಇವರು ಖರೇ ಜಪಾನಿನವ್ರು ಹೌದೇನು ಕೇಳು."

ಕೇಳಿದ. ಜಪಾನಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ತಿರುಗಿ ಒಂದು ಪ್ರಶ್ನೆ ಕೇಳಿದ. ಗೈಡನಿಗೆ ನಗು ತಡೆಯಲಿಲ್ಲ.

"ನೀವು ಖರೇ ಭಾರತದವರು ಹೌದಾ ಅಂತ ಕೇಳ್ತಾರ್ರಿ. ಹೌದಾದ್ರ ತಲಿ ಕೆಳಗ ಮಾಡಿ ಕಾಲು ಮ್ಯಾಲೆ ಮಾಡಿ ಯೋಗದಾಗ ನಿಂತು ತೋರಸ್ರಿ ಅಂತಾರ."

ದೇಶದ ಮರ್ಯಾದೆಯ ಪ್ರಶ್ನೆ. ಬ್ಯಾಡ ಕಾಕಾ ಅಂತ ಹುಡುಗಿ ಅಂಗಿ ಜಗ್ಗಿದರೂ ಕೇಳದೆ ತಲೆ ಹುಲ್ಲಿಗೆ ಊರಿದೆ. ಕಾಲು ಮೇಲೆ ಹೋದವು. ಒಂದು ಗಳಿಗೆ ಅಂಜನಾದ್ರಿ ಬೆಟ್ಟ ಆಕಾಶದಿಂದ ಜೋತುಬಿದ್ದದ್ದು ಕಂಡೆ. ಆಮೇಲೆ ಗದ್ದೆಯ ಕೆಸರಿನಲ್ಲಿದ್ದೆ.

ಜಪಾನಿ ಓಡಿ ಬಂದು ಕೈ ಕೊಟ್ಟು ಎಬ್ಬಿಸಿದ. ಭಾಳ ವಿನಯದಿಂದ ಏನೋ ಕೇಳಿದ.

"ಏನಂತಾನ?" ಅಂದೆ.

"ಈಗ ಬಿದ್ರಲ್ಲ, ಈ ಪಟ್ಟಿಗೆ ಏನಂತೀರಿ ಅಂತ ಕೇಳಾಕತ್ತಾರ್ರಿ."

ಕೊಪ್ಪಳದಲ್ಲಿ ಕಣ್ಣಿಗೆ ಟವೆಲ್ಲು

ಪರೀಕ್ಷೆಯ ದಿನ ಮುಂಜಾನೆ ಯಲಬುರ್ಗಾದ ಜೋಡಿ ಹುಡುಗಿಯಿಂದ ಫೋನ್ ಬಂತು. ಅವಳ ಅಕ್ಕನನ್ನು ನೋಡಲು ಗಂಡಿನವರು ಅವತ್ತೇ ಬರುತ್ತಾರಂತೆ, ಮನೆಯಿಂದ ಬಿಡುತ್ತಿಲ್ಲವಂತೆ. ಎದುರಿಗೆ ನಿಲ್ಲುವವರಿಲ್ಲದೆ ಪರೀಕ್ಷೆ ಇಲ್ಲ. ಹುಡುಗಿ ಇಸ್ತ್ರಿ ಮಾಡಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು. ನಾನು ಕೋಚಿಗೆ ಫೋನ್ ಮಾಡಿದೆ. "ನಿಮ್ಮಷ್ಟು ಚಂದ ಬೀಳೋರು ನನ್ನ ಕ್ಲಾಸಿನಾಗ ಇಲ್ರಿ. ಬಂದುಬಿಡ್ರಿ," ಅಂದ.

"ಕಾಟಾಕ್ಕ ಸರ್ಕಾರದ ಮುದ್ರಿ ಹಾಕಿಸಿಕೊಂಡು ಬರಬೇಕು, ಕೊಪ್ಪಳಕ್ಕ ಹೊಂಟೀನಿ," ಅಂತ ಹೆಂಡತಿಗೆ ಹೇಳಿ ಹೊರಬಿದ್ದೆ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೆಮ್ಮೆ. ಅವತ್ತು ಭಾನುವಾರ ಅನ್ನುವುದು ಕೊಪ್ಪಳ ಮುಟ್ಟಿದ ಮೇಲೆ ನೆನಪಾಯಿತು. ಆಕೆಗೆ ನಾನು ಬಾಗಿಲು ದಾಟುವ ಮೊದಲೇ ನೆನಪಾಗಿತ್ತು.

ಕೋಚಿನ ಅಂಗಿಯನ್ನೇ ಹಾಕಿಕೊಂಡೆ. ಹೊಟ್ಟೆಯ ಮೇಲೆ ಎರಡೂ ಪಕ್ಕ ಒಂದಕ್ಕೊಂದು ಮುಟ್ಟಲಿಲ್ಲ, ಬಿಳಿ ಬೆಲ್ಟ್ ಬಿಗಿದು ಮರ್ಯಾದೆ ಮುಚ್ಚಿಕೊಂಡೆ. ಎದುರಿಗೆ ಇಬ್ಬರು ಪರೀಕ್ಷಕರು. ಒಬ್ಬರು ಅದೇ ಹಿರಿಯರು, ಕನ್ನಡಕದವರು. ಇನ್ನೊಬ್ಬ ಹರೆಯದವನು.

ಹಿರಿಯರು ಹರಾಯ್ ಗೋಶಿ ಕೇಳಿದರು. ಹುಡುಗಿ ಹಾಕಿದಳು, ನಾನು ಬಿದ್ದೆ. ಉಚಿ ಮಾತಾ ಕೇಳಿದರು. ಹಾಕಿದಳು, ಬಿದ್ದೆ. ಇಬ್ಬರೂ ಬಗ್ಗಿ ಗುಸುಗುಸು ಮಾತಾಡಿದರು. ಹರೆಯದವನು ಎರಡೂ ಬೇರೆ ಅಂತ ತಲೆಯಾಡಿಸುತ್ತಿದ್ದ. ಹಿರಿಯರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

"ನನಗೆ ಎರಡೂ ಒಂದೇ ಥರ ಕಾಣ್ತಾ ಇದೆ," ಅಂದರು. "ಯಾಕೆ ಅಂದ್ರೆ, ಈ ಯಜಮಾನರು ತಾವೇ ಬೀಳ್ತಾ ಇದಾರೆ. ಹುಡುಗಿ ಮುಟ್ಟೋಕೆ ಮುಂಚೆ ಹಾರ್ತಾರೆ. ಇಬ್ಬರೂ ಮೊದಲೇ ಮಾತಾಡಿಕೊಂಡಿದಾರೆ."

ತೂಕದ ಮೇಲೆ ಸಂಶಯ ಪಟ್ಟರೆ ನಾನು ತಲೆ ಕೆಡಿಸಿಕೊಳ್ಳುವವನಲ್ಲ, ಅದು ನನ್ನ ಕಸುಬು. ಆದರೆ ನನ್ನ ಬೀಳುವಿಕೆಯ ಮೇಲೆ ಸಂಶಯ ಪಟ್ಟವರು ಅವತ್ತಿನವರೆಗೆ ಯಾರೂ ಇರಲಿಲ್ಲ. ಪಕ್ಕದಲ್ಲಿ ಹುಡುಗಿ ಬೆಲ್ಟಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ಇನ್ನೊಂದು ಗಳಿಗೆ ಬಿಟ್ಟರೆ ಆ ಅಂಗಿ ಯಾರದೋ ಪಾಲಾಗುತ್ತದೆ ಅಂತ ನನಗೆ ಗೊತ್ತಿತ್ತು.

"ಸಾಹೇಬ್ರ," ಅಂದೆ, "ನನ್ನ ಕಣ್ಣು ಕಟ್ರಿ. ಯಾವ ಪಟ್ಟು ಹಾಕಬೇಕಂತ ಅಕಿ ಕಿವ್ಯಾಗ ನೀವ ಹೇಳ್ರಿ. ನಾ ಬಿದ್ದ ಮ್ಯಾಲೆ ಹೆಸರು ಹೇಳ್ತೀನಿ. ಮೊದ್ಲ ಗೊತ್ತಿಲ್ಲದ ನಾ ಹ್ಯಾಂಗ ನಾನಾಗೇ ಬೀಳಲಿ? ಎರಡೂ ಒಂದ ಇದ್ರ ನಾ ಹೆಸರು ಹ್ಯಾಂಗ ಹೇಳಲಿ?"

ಹಿರಿಯರು ಒಪ್ಪಿದರು. ಆದರೂ ಸಂಶಯ. ಟವೆಲ್ಲನ್ನು ತಾವೇ ಕಟ್ಟಿದರು, ಮೂಗಿನ ಬಳಿ ಸಂದಿ ಇದೆಯಾ ಅಂತ ಬೆರಳು ಹಾಕಿ ನೋಡಿದರು.

ಹುಡುಗಿ ಹಾಕಿದಳು. ನಡುವೆ ಆಡು ಬಂತು. "ಉಚಿ ಮಾತಾ," ಅಂದೆ. ಮತ್ತೆ ಹಾಕಿದಳು. ಹೊರಗಿನಿಂದ ಕಸಬರಿಗೆ. "ಹರಾಯ್ ಗೋಶಿ." ಹಮಾಲನ ಬೆನ್ನು. "ಒ ಗೋಶಿ." ಒಂದೂ ತಪ್ಪಲಿಲ್ಲ. ಸುತ್ತ ಕೂತ ಹುಡುಗರು ಚಪ್ಪಾಳೆ ತಟ್ಟಿದರು.

ಹಿರಿಯರ ದನಿ ಮಾತ್ರ ಬದಲಾಗಲಿಲ್ಲ. "ಹುಡುಗಿ ತೋಳು ಹಿಡಿದಾಗ ಬೆರಳಿನಿಂದ ಸನ್ನೆ ಮಾಡ್ತಾ ಇರಬಹುದು. ನಂಬೋದು ಹೇಗೆ?"

ಈಗ ಹೊರಗೆ ಆದದ್ದು ಹೇಳುತ್ತೇನೆ, ಇದು ನನಗೆ ಆಮೇಲೆ ತಿಳಿದದ್ದು. ಭಾನುವಾರ ಮುದ್ರೆ ಹಾಕುವ ಆಫೀಸು ಯಾವುದು ಅಂತ ನೋಡಲು ನನ್ನ ಹೆಂಡತಿ ನನ್ನ ಬೆನ್ನ ಹಿಂದಿನ ಬಸ್ಸಿಗೇ ಕೊಪ್ಪಳಕ್ಕೆ ಬಂದಿಳಿದಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಆಗಷ್ಟೇ ಕುಷ್ಟಗಿ ಬಸ್ಸಿನಿಂದ ಇಳಿದ ಮಾವ ಸಿಕ್ಕರು. ಪರೀಕ್ಷೆ ನೋಡಲು ಬರ್ರಿ ಅಂತ ನಾನೇ ಕರೆದಿದ್ದೆ.

"ನೀವು ಇಲ್ಲೆ ಯಾಕ ಬಂದೀರಿ ಮಾವಾ?" ಅಂತ ಕೇಳಿದಳಂತೆ.

"ನಾ ಹೇಳಂಗಿಲ್ಲವ್ವಾ. ನಿನ್ನ ಗಂಡ ಆಣಿ ಹಾಕಿಸ್ಯಾನ. ಸುಮ್ಮ ನನ್ನ ಹಿಂದ ಬಾ, ಎಲ್ಲಿಗಂತ ಮಾತ್ರ ಕೇಳಬ್ಯಾಡ," ಅಂದರಂತೆ ಮಾವ. ಆಣೆಗೆ ತಪ್ಪುವ ಮನುಷ್ಯ ಅಲ್ಲ.

ಹೀಗೆ ಆಕೆ ಪರೀಕ್ಷೆ ನಡೆಯುವ ಹಾಲ್‌ನ ಬಾಗಿಲಿಗೆ ಬಂದಳು. ಒಳಗೆ ನೋಡಿದರೆ ಬೆನ್ನುನೋವಿನ ಗಂಡ, ಯಾರದೋ ಅಂಗಿ, ಕಣ್ಣಿಗೆ ಟವೆಲ್ಲು, ಸುತ್ತ ಮಂದಿ, ನಡುವೆ ಒಬ್ಬನೇ ನಿಂತಿದ್ದಾನೆ. ಕೈಚೀಲವನ್ನು ಮಾವನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಒಂದು ಮಾತೂ ಆಡದೆ ನೇರ ಒಳಗೆ ಬಂದಳು. ಯಾವುದೋ ಹುಡುಗಿಯ ತಾಯಿ ಇರಬೇಕು ಅಂತ ಯಾರೂ ತಡೆಯಲಿಲ್ಲ. ಬಂದವಳೇ ನನ್ನ ತೋಳು ಹಿಡಿದು, ನಡೀರಿ ಮನಿಗೆ ಅನ್ನುವಂತೆ ಬಾಗಿಲ ಕಡೆ ಜಗ್ಗಿದಳು. ಜಗ್ಗಲು ಆನಿಕೆ ಬೇಕಲ್ಲ, ಒಂದು ಕಾಲನ್ನು ನನ್ನ ಮುಂದೆ ಗಟ್ಟಿಯಾಗಿ ಊರಿದ್ದಳು.

ನನಗೆ ಕಂಡದ್ದು ಕತ್ತಲು. ತಿಳಿದದ್ದು ಇಷ್ಟು: ಸೊಂಟ ತಾಗಲಿಲ್ಲ. ಆಡಿಲ್ಲ, ಕಸಬರಿಗೆಯಿಲ್ಲ. ಮೊಣಕಾಲ ಕೆಳಗೆ ಸರಪಳಿ ಬಂತು, ತೋಳು ಮುಂದಕ್ಕೆ ಹೋಯಿತು, ಅದರ ಹಿಂದೆ ನಾನೂ ಹೋದೆ. ದಪ್ ಅಂತ ಬಿದ್ದು, ನೆಲಕ್ಕೆ ಕೈ ಬಡಿದು, ಮಲಗಿದಲ್ಲಿಂದಲೇ ಹೇಳಿದೆ:

"ತಾಯ್ ಒತೋಶಿ. ಭಾಳ ಛಲೋ ಐತ್ರಿ. ಆದ್ರ ಇದನ್ನ ಹಾಕಿದಾಕಿ ನಮ್ಮ ಹುಡುಗಿ ಅಲ್ಲ."

"ಅಯ್ಯ, ಕಾಕು," ಅಂತ ಹುಡುಗಿ ಮೆಲ್ಲಗೆ ಅಂದದ್ದು ಕೇಳಿಸಿತು. ಟವೆಲ್ಲು ಬಿಚ್ಚಿದೆ. ಮೇಲೆ ನನ್ನ ಹೆಂಡತಿಯ ಮುಖ ಕಂಡಿತು. ಮತ್ತೆ ಟವೆಲ್ಲು ಕಟ್ಟಿಕೊಂಡೆ.

"ಇವರು ಯಾರು?" ಅಂದರು ಹಿರಿಯರು.

"ಇವರ ಮನಿಯವರ್ರಿ," ಅಂದ ಕೋಚ್.

"ಇವರು ಬರೋದು ಯಜಮಾನರಿಗೆ ಗೊತ್ತಿತ್ತಾ?"

"ಗೊತ್ತಿದ್ರ ನಾ ಇಲ್ಲೆ ಇರ್ತಿದ್ದಿಲ್ರಿ," ಅಂದೆ ಟವೆಲ್ಲಿನ ಒಳಗಿನಿಂದ.

ಹಿರಿಯರು ಆಕೆಯ ಮುಖ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಈ ಅಮ್ಮನಿಗೂ ಇವರಿಗೂ ಮೊದಲೇ ಮಾತುಕತೆ ಆಗಿತ್ತು ಅಂತ ನಾನು ಮಾತ್ರ ಹೇಳಲಾರೆ," ಅಂದರು. "ಆದರೂ ಹೆಸರು ಸರಿಯಾಗಿ ಹೇಳಿದರು. ಇವರು ಖಂಡಿತ ಬಿದ್ದೇ ಹೇಳೋದು, ಸನ್ನೆ ನೋಡಿ ಅಲ್ಲ. ಎಲ್ಲಿ, ಹುಡುಗಿ ಆ ಎರಡೂ ಪಟ್ಟು ಇನ್ನೊಮ್ಮೆ ಹಾಕಲಿ. ಈ ಸಲ ನಾನು ಪಕ್ಕಕ್ಕೆ ಬಂದು ನಿಂತು ನೋಡ್ತೀನಿ."

ನಾನು ಒಬ್ಬನೇ ಜಿಗಿದು ಎದ್ದು ನಿಂತು, ಬೆಲ್ಟ್ ಬಿಗಿದು, ಬಗ್ಗಿ ನಮಸ್ಕಾರ ಮಾಡಿದೆ. ಹುಡುಗಿ ಹರಾಯ್ ಗೋಶಿ ಹಾಕಿದಳು. ಉಚಿ ಮಾತಾ ಹಾಕಿದಳು. ಅಷ್ಟು ಚಂದ ಆಕೆ ಹೊಟ್ಟಿನ ಚೀಲದ ಮೇಲೂ ಎಂದೂ ಹಾಕಿರಲಿಲ್ಲ.

"ಎರಡೂ ಬೇರೆ," ಅಂದರು ಹಿರಿಯರು. "ಪಾಸು."

ಹುಡುಗಿ ಅಲ್ಲೇ ಕೂತುಬಿಟ್ಟಳು. ಅತ್ತಳೋ ನಕ್ಕಳೋ, ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡಿದ್ದರಿಂದ ಹೇಳಲಾರೆ. ನನ್ನ ಹೆಂಡತಿ ಆಕೆಯ ತಲೆ ಸವರಿದಳು, ಮತ್ತೆ ನನ್ನ ಕಡೆ ನೋಡಿ, "ಇಸ್ಪೀಟು ಅಲ್ಲ ಅಂತ ಮೊದ್ಲ ಹೇಳಾಕ ಏನಾಗಿತ್ತು?" ಅಂದಳು. ಅದು ಸಿಟ್ಟೋ ಸಮಾಧಾನವೋ ಅಂತ ನನಗೆ ಇನ್ನೂ ಸಂಶಯ ಇದೆ.

ಹೊರಡುವಾಗ ಹಿರಿಯರು ಆಕೆಗೆ ಕೈಮುಗಿದರು. "ತಾಯ್ ಒತೋಶಿ ಇಷ್ಟು ಶುದ್ಧವಾಗಿ ಹಾಕೋರು ಕಡಿಮೆ ಅಮ್ಮ. ಎಷ್ಟು ವರ್ಷದಿಂದ ಅಭ್ಯಾಸ?"

"ಲಗ್ನ ಆದಾಗಿಂದ್ರಿ," ಅಂದಳು ನನ್ನ ಹೆಂಡತಿ.

ಇಷ್ಟೂ ಖರೇ. ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿ ಹೇಳಿದ್ದು, ಮನಸ್ಸು ತಡೆಯದೆ ಒಪ್ಪಿಕೊಳ್ಳುತ್ತೇನೆ. ಒಬ್ಬನೇ ಜಿಗಿದು ಎದ್ದೆ ಅಂತ ಬರೆದೆನಲ್ಲ, ಅದು. ಎದ್ದಿರಲಿಲ್ಲ, ಬೆನ್ನು ಹಿಡಿದುಕೊಂಡಿತ್ತು. ಹೆಂಡತಿಯೇ ಹಿಂದಿನಿಂದ ಎರಡೂ ಬಗಲಿಗೆ ಕೈ ಹಾಕಿ, ಭತ್ತದ ಚೀಲ ನಿಲ್ಲಿಸಿದ ಹಾಗೆ ಎತ್ತಿ ನಿಲ್ಲಿಸಿದಳು. ಈ ಪಟ್ಟಿಗೆ ಏನಂತಾರ್ರಿ ಅಂತ ಹಿರಿಯ ಪರೀಕ್ಷಕರನ್ನು ಕೇಳಿದೆ. ಅವರು ಭಾಳ ಹೊತ್ತು ವಿಚಾರ ಮಾಡಿ, ತಮಗೂ ಗೊತ್ತಿಲ್ಲ ಅಂದರು.